ಇಷ್ಟದ ಪುಸ್ತಕ, ಹಾಡು, ಚಲನಚಿತ್ರ: ಓದುಗರಿಗೆ ಶಿಫಾರಸು ಮಾಡುವುದು ಹೇಗೆ? ಕೊಡಗಿನ ಗ್ರಂಥಾಲಯವನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ಗ್ರಂಥಾಲಯಕ್ಕೆ ಬಂದವರು ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆಗಳಿವೆ. ಕಾವೇರಿ ನದಿಯ ಉದ್ದ ಎಷ್ಟು ಎಂದು ಯಾರಾದರೂ ಕೇಳಿದರೆ ಸುಮಾರು 800 ಕಿಲೋಮೀಟರ್ ಎಂಬ ಉತ್ತರವನ್ನು ಆಕರಗ್ರಂಥದಿಂದ ತೆಗೆದು ತೋರಿಸಬಹುದು. ಇದು ಪರಾಮರ್ಶನ ಸೇವೆ. ಆದರೆ ಜುಲೈ ತಿಂಗಳ ಮಳೆಯಲ್ಲಿ ಕೊಡೆ ಮಡಚಿ ಒಳಗೆ ಬಂದ ಹಿರಿಯರೊಬ್ಬರು, 'ಓದುವುದಕ್ಕೆ ಏನಾದರೂ ಒಳ್ಳೆಯದು ಕೊಡಿ' ಎಂದರೆ ಅದಕ್ಕೆ ಯಾವ ಆಕರಗ್ರಂಥದಲ್ಲೂ ಉತ್ತರವಿಲ್ಲ. ಅಲ್ಲಿಂದ ಮುಂದಿನದು ಓದುಗ ಸಲಹಾ ಸೇವೆ. ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಪರೀಕ್ಷೆಯ ದೃಷ್ಟಿಯಿಂದ ಮೊದಲನೆಯದನ್ನೇ ಹೆಚ್ಚು ಓದುತ್ತೇವೆ. ಮೇಜಿನ ಹಿಂದೆ ಕುಳಿತ ಮೊದಲ ವಾರದಲ್ಲೇ ಎರಡನೆಯದು ಎದುರಾಗುತ್ತದೆ. ಈ ಟಿಪ್ಪಣಿ ಆ ಎರಡನೆಯದಕ್ಕೆ ಮೀಸಲು.

ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡನೆಯದು 'ಪ್ರತಿಯೊಬ್ಬ ಓದುಗನಿಗೂ ಅವನ ಗ್ರಂಥ', ಮೂರನೆಯದು 'ಪ್ರತಿಯೊಂದು ಗ್ರಂಥಕ್ಕೂ ಅದರ ಓದುಗ'. ಎರಡೂ ಒಂದೇ ಮಾತನ್ನು ತಿರುಗಿಸಿ ಹೇಳಿದಂತೆ ಕಾಣುತ್ತವೆ. ಹಾಗಲ್ಲ. ಎರಡನೆಯ ಸೂತ್ರವು ಓದುಗನಿಂದ ಹೊರಟು ಗ್ರಂಥವನ್ನು ಹುಡುಕುತ್ತದೆ. ಮೂರನೆಯದು ಕಪಾಟಿನಲ್ಲಿ ವರ್ಷಗಟ್ಟಲೆ ಅಲುಗದೆ ಕುಳಿತ ಗ್ರಂಥದಿಂದ ಹೊರಟು ಓದುಗನನ್ನು ಹುಡುಕುತ್ತದೆ. ಗ್ರಂಥಪಾಲಕರು ತಮಗೆ ಇಷ್ಟವಾದ ಕೃತಿಯನ್ನು ಪ್ರದರ್ಶನದ ಹಲಗೆಯ ಮೇಲಿಟ್ಟರೆ ಅದು ಮೂರನೆಯ ಸೂತ್ರದ ಕೆಲಸ. ಅದೇ ಕೃತಿಯನ್ನು ಎದುರಿಗೆ ನಿಂತವರ ಕೈಗೆ ಕೊಡುವಾಗ ಎರಡನೆಯ ಸೂತ್ರ ಅನ್ವಯವಾಗುತ್ತದೆ, ಆಗ ನಮ್ಮ ಇಷ್ಟಕ್ಕೆ ಹೆಚ್ಚಿನ ಬೆಲೆಯಿಲ್ಲ. ಈ ವ್ಯತ್ಯಾಸವನ್ನು ಮರೆತೇ ನಾವು ಮೊದಲು ಎಡವುವುದು.

ನಾನೂ ಎಡವಿದ್ದೇನೆ. ತರಬೇತಿಗೆಂದು ಹೋಗುತ್ತಿದ್ದ ಒಂದು ಗ್ರಂಥಾಲಯದಲ್ಲಿ ಸೇನೆಯಿಂದ ನಿವೃತ್ತರಾದ ಹಿರಿಯರೊಬ್ಬರಿಗೆ, ನನಗೆ ಬಹಳ ಪ್ರಿಯವಾದ ಒಂದು ದಪ್ಪ ಕಾದಂಬರಿಯನ್ನು ಐದು ನಿಮಿಷ ಹೊಗಳಿ ಕೊಟ್ಟೆ. ಹದಿನೈದು ದಿನಗಳ ನಂತರ ಅವರು ಅದನ್ನು ಹಿಂದಿರುಗಿಸಿ, 'ಬಹಳ ಒಳ್ಳೆಯ ಪುಸ್ತಕ' ಎಂದರು. ನಾನು ಗುರುತಿಗೆಂದು ಮೊದಲ ಅಧ್ಯಾಯದಲ್ಲಿ ಇಟ್ಟಿದ್ದ ಕಾಗದದ ಚೂರು ಇಟ್ಟಲ್ಲೇ ಇತ್ತು. ಅಕ್ಷರ ಸಣ್ಣದಾಗಿತ್ತು, ಪುಸ್ತಕ ಭಾರವಾಗಿತ್ತು, ಅವರ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ತಿಂಗಳೂ ಕಳೆದಿರಲಿಲ್ಲ. ಇವುಗಳಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ.

ಮೊದಲು ಕೇಳಬೇಕಾದುದು

ಕೇಳುವುದು ಎಂದರೆ ವಿಚಾರಣೆ ನಡೆಸುವುದಲ್ಲ. 'ನಿಮಗೆ ಯಾವ ಪ್ರಕಾರ ಇಷ್ಟ?' ಎಂಬ ಪ್ರಶ್ನೆಗೆ ಬಹುಪಾಲು ಓದುಗರು ತಬ್ಬಿಬ್ಬಾಗುತ್ತಾರೆ, ಏಕೆಂದರೆ ಪ್ರಕಾರ ಎಂಬುದು ನಮ್ಮ ಪಠ್ಯದ ಪದವೇ ಹೊರತು ಅವರದಲ್ಲ. 'ಈಚೆಗೆ ಓದಿದ್ದರಲ್ಲಿ, ಕೇಳಿದ್ದರಲ್ಲಿ, ನೋಡಿದ್ದರಲ್ಲಿ ಮನಸ್ಸಿಗೆ ಹಿಡಿಸಿದ್ದು ಯಾವುದು? ಅದರಲ್ಲಿ ಏನು ಚೆನ್ನಾಗಿತ್ತು?' ಎಂದು ಕೇಳಿ ಸುಮ್ಮನಾದರೆ ಅವರೇ ಹೇಳತೊಡಗುತ್ತಾರೆ. ಧಾರಾವಾಹಿಯ ಹೆಸರು ಬಂದರೂ ಮುಖ ಸಿಂಡರಿಸಬಾರದು; ಅದೂ ಅಭಿರುಚಿಯ ಸುಳಿವೇ.

ಕೇಳದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿನಲ್ಲೇ ಒಂದು ಉದಾಹರಣೆಯಿದೆ. 'ಕೊಡಗಿನ ಗೌರಮ್ಮನ ಬಗ್ಗೆ ಪುಸ್ತಕ ಇದೆಯೇ?' ಎಂದು ಯಾರಾದರೂ ಬಂದರೆ ಅವರು ಯಾವ ಗೌರಮ್ಮನನ್ನು ಕೇಳುತ್ತಿದ್ದಾರೆ? ಒಬ್ಬರು ಮಡಿಕೇರಿಯಲ್ಲಿ ಹುಟ್ಟಿ, 1939ರಲ್ಲಿ ಇಪ್ಪತ್ತೇಳರ ಹರೆಯದಲ್ಲೇ ನೀರಿನಲ್ಲಿ ಮುಳುಗಿ ತೀರಿಕೊಂಡ ಕಥೆಗಾರ್ತಿ, 'ಕಂಬನಿ' ಸಂಕಲನದ ಲೇಖಕಿ. ಇನ್ನೊಬ್ಬರು ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರನ ಮಗಳು. 1852ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಕ್ರೈಸ್ತ ದೀಕ್ಷೆ ಪಡೆದು, 1864ರಲ್ಲಿ ಅಲ್ಲಿಯೇ ತೀರಿಕೊಂಡ ರಾಜಕುಮಾರಿ. ಸಣ್ಣಕಥೆ ಬೇಕಾದವರ ಕೈಗೆ ರಾಜಮನೆತನದ ಚರಿತ್ರೆಯನ್ನಿಟ್ಟರೆ ಓದುಗನ ಸಮಯ ಉಳಿಸಬೇಕೆಂಬ ನಾಲ್ಕನೆಯ ಸೂತ್ರಕ್ಕೂ ಭಂಗ ಬರುತ್ತದೆ. ಒಂದೇ ಒಂದು ಮರುಪ್ರಶ್ನೆಯಿಂದ ಈ ಗೊಂದಲ ತೀರುತ್ತದೆ.

ವಿಷಯಕ್ಕಿಂತ ಸೆಳೆತ

ಅಮೆರಿಕದ ಗ್ರಂಥಪಾಲಕಿ ಜಾಯ್ಸ್ ಸಾರಿಕ್ಸ್ ಅವರು ಸಹಲೇಖಕಿಯೊಂದಿಗೆ 1989ರಲ್ಲಿ ಪ್ರಕಟಿಸಿದ ಪಠ್ಯವು ಕೃತಿಯ ಸೆಳೆತದ ಅಂಶಗಳನ್ನು ಗುರುತಿಸುತ್ತದೆ: ಕಥನದ ವೇಗ, ಪಾತ್ರಚಿತ್ರಣ, ಕಥೆಯ ಎಳೆ ಮತ್ತು ಕೃತಿಯ ಒಟ್ಟು ಆವರಣ. ಅದೇ ದೇಶದ ನ್ಯಾನ್ಸಿ ಪರ್ಲ್ ಇದನ್ನು ನಾಲ್ಕು ಬಾಗಿಲುಗಳೆಂದು ಹೇಳುತ್ತಾರೆ. ಓದುಗರು ಕೃತಿಯೊಳಗೆ ಕಥೆಯ ಮೂಲಕವೋ, ಪಾತ್ರದ ಮೂಲಕವೋ, ಸನ್ನಿವೇಶದ ಮೂಲಕವೋ, ಭಾಷೆಯ ಮೂಲಕವೋ ಪ್ರವೇಶಿಸುತ್ತಾರೆ; ಯಾವ ಬಾಗಿಲು ಅವರಿಗೆ ದೊಡ್ಡದೋ ಅದೇ ದೊಡ್ಡದಾಗಿರುವ ಇನ್ನೊಂದು ಕೃತಿಯನ್ನು ನಾವು ಹುಡುಕಬೇಕು. ಇಬ್ಬರ ವಿಂಗಡಣೆಗಳಲ್ಲಿ ನನಗೆ ಬಾಗಿಲುಗಳ ಮಾತೇ ಹೆಚ್ಚು ಉಪಯುಕ್ತವೆನಿಸಿದೆ. ಎದುರಿಗಿರುವವರೊಡನೆ ಮಾತನಾಡುತ್ತಲೇ ಅದನ್ನು ನೆನಪಿಟ್ಟುಕೊಳ್ಳಬಹುದು.

ವಿಷಯದ ಸಾಮ್ಯವನ್ನೇ ನಂಬಿದರೆ ಹೇಗೆ ದಾರಿ ತಪ್ಪುತ್ತದೆ ಎಂಬುದನ್ನು ಒಂದು ಹಾಡಿನಿಂದ ನೋಡಬಹುದು. 1971ರ 'ಶರಪಂಜರ' ಚಿತ್ರದಲ್ಲಿ ಕೊಡಗಿನ ಕಾವೇರಿಯನ್ನು ಹಾಡಿ ಹೊಗಳುವ ಪ್ರಸಿದ್ಧ ಗೀತೆಯಿದೆ. ಅದನ್ನು ಮೆಚ್ಚಿದವರಿಗೆ, ಚಿತ್ರದ ಮೂಲವೆಂಬ ಕಾರಣಕ್ಕೆ, ತ್ರಿವೇಣಿಯವರ ಕಾದಂಬರಿಯನ್ನು ಕೊಡಬೇಕೆನಿಸುವುದು ಸಹಜ. ಆದರೆ ಹಾಡಿನಲ್ಲಿರುವುದು ನಲಿವು; ಕಾದಂಬರಿಯಲ್ಲಿರುವುದು ಮನೋರೋಗದಿಂದ ಗುಣಮುಖಳಾಗಿ ಬಂದ ಹೆಣ್ಣನ್ನು ಮನೆಯೂ ಸಮಾಜವೂ ಹಿಂಸಿಸುವ ಕಥೆ. ಹಾಡನ್ನು ಮೆಚ್ಚಿದವರು ಸನ್ನಿವೇಶದ ಬಾಗಿಲಿನಿಂದ ಬಂದವರಾಗಿದ್ದರೆ ಅವರಿಗೆ ಪಂಜೆ ಮಂಗೇಶರಾಯರ 'ಹುತ್ತರಿ ಹಾಡು' ಹೆಚ್ಚು ಹತ್ತಿರ. ಪಂಜೆಯವರು ಮಂಗಳೂರು ಸೀಮೆಯಿಂದ ಬಂದು ಮಡಿಕೇರಿಯಲ್ಲಿ ಅಧ್ಯಾಪಕರಾಗಿದ್ದವರು. ಪಾತ್ರದ ಬಾಗಿಲಿನಿಂದ ಬಂದು, ಆ ಚಿತ್ರದ ನಾಯಕಿ ಕಾವೇರಿಯ ಪಾಡನ್ನು ಕಂಡು ಮರುಗಿದವರಾಗಿದ್ದರೆ ಮಾತ್ರ ತ್ರಿವೇಣಿ, ಆನಂತರ ಕಥೆಗಾರ್ತಿ ಗೌರಮ್ಮ. ಇವರಿಬ್ಬರ ನಡುವೆ ವಿಷಯದ ನಂಟು ತೆಳುವಾದರೂ, ಹೆಣ್ಣಿನ ಮನಸ್ಸನ್ನು ಒಳಗಿನಿಂದ ನೋಡುವ ಬಗೆ ಒಂದೇ ಜಾತಿಯದು.

ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು ಕೊಡಗಿನಲ್ಲಿ ಕೊಡುವಾಗ ಇನ್ನೊಂದು ಎಚ್ಚರ ಬೇಕು. ಕೊಡಗು ಬ್ರಿಟಿಷರ ವಶವಾದುದು 1834ರಲ್ಲಿ. ಕಾದಂಬರಿ ಆ ಕೊನೆಯ ದಿನಗಳನ್ನು ಕುರಿತದ್ದು. ಚರಿತ್ರೆ ಬೇಕೆಂದು ಬಂದವರಿಗೆ ಇದನ್ನೇ ಚರಿತ್ರೆಯೆಂದು ಕೊಡಬಾರದು. ಕಾದಂಬರಿಯೆಂದು ಸ್ಪಷ್ಟವಾಗಿ ಹೇಳಿ, ಪಾತ್ರಗಳು ಹಲವು, ನಡಿಗೆ ನಿಧಾನ, ಮಾತುಕತೆ ಹೆಚ್ಚು ಎಂಬುದನ್ನೂ ತಿಳಿಸಿ, ಬೇಕಿದ್ದರೆ ಪಕ್ಕದಲ್ಲಿ ಒಂದು ಚರಿತ್ರೆಯ ಗ್ರಂಥವನ್ನಿಟ್ಟು ಕೊಡುವುದು ಒಳ್ಳೆಯದು.

ಇಲ್ಲಿ ವರ್ಗೀಕರಣದ ಮಿತಿಯೂ ಕಾಣುತ್ತದೆ. ಗ್ರಂಥಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ಜಾನಪದದ್ದು 398, ಕರ್ನಾಟಕದ ಇತಿಹಾಸದ್ದು 954.87. ಕೊಡಗನ್ನು ಕುರಿತ ಕಾದಂಬರಿ, ಕೊಡವ ಹಾಡುಗಳ ಸಂಗ್ರಹ, ಅರಸರ ಚರಿತ್ರೆ ಈ ಮೂರೂ ಒಬ್ಬರೇ ಓದುಗರಿಗೆ ಬೇಕಾದವು. ಕಪಾಟಿನಲ್ಲಿ ಅವು ಮೂರು ಮೂಲೆಗಳಲ್ಲಿರುತ್ತವೆ. ವರ್ಗೀಕರಣ ಗ್ರಂಥಗಳ ನೆಂಟಸ್ತನವನ್ನು ಹೇಳುತ್ತದೆಯೇ ಹೊರತು ಓದುಗರ ನೆಂಟಸ್ತನವನ್ನಲ್ಲ. ಪ್ರದರ್ಶನದ ಹಲಗೆ ಇರುವುದು ಈ ಕೊರತೆಯನ್ನು ತುಂಬುವುದಕ್ಕೆ.

ಕೇಳಿಸಿ ಓದಿಸುವುದು

ಕೊಡಗಿನ ಮಟ್ಟಿಗೆ ಸಂಗೀತವನ್ನು ಪುಸ್ತಕದ ನಂತರದ ಸ್ಥಾನದಲ್ಲಿ ಇಡುವುದೇ ತಪ್ಪೆಂದು ನನಗೆ ತೋರುತ್ತದೆ. ಇಲ್ಲಿನ ಓದುಗರಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆಗಳನ್ನಾಡಿ, ಕನ್ನಡವನ್ನು ಶಾಲೆಯಲ್ಲಿ ಕಲಿತವರು ಬಹಳ ಮಂದಿ. ಅವರ ಪಾಲಿಗೆ ಲಿಪಿ ಕನ್ನಡದ್ದು, ಕಿವಿ ಇನ್ನೊಂದರದ್ದು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಹೊರತಂದ 'ಪಟ್ಟೋಲೆ ಪಳಮೆ'ಯನ್ನೇ ತೆಗೆದುಕೊಳ್ಳಿ. ಅದರ ವಿವರಣೆ ಕನ್ನಡದಲ್ಲಿದೆ. ಹಾಡುಗಳು ಕೊಡವ ತಕ್ಕಿನವು, ಮುದ್ರಣ ಮಾತ್ರ ಕನ್ನಡ ಲಿಪಿಯಲ್ಲಿ. ಕೊಡವ ತಕ್ಕಿನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಸಂಕೇತವೇ ಇಲ್ಲವಾದುದರಿಂದ, ಆ ಭಾಷೆಯನ್ನು ಅರಿಯದವರು ಅದನ್ನು ಎಷ್ಟು ಎಚ್ಚರದಿಂದ ಓದಿದರೂ ಉಚ್ಚಾರಣೆ ತಪ್ಪುತ್ತದೆ. ಅಷ್ಟೇ ಅಲ್ಲ, ಆ ಸಾಲುಗಳು ಮೌನ ಓದಿಗೆ ಹುಟ್ಟಿದವಲ್ಲ. ನಾಲ್ವರು ಎರಡು ಜೋಡಿಯಾಗಿ ನಿಂತು ದುಡಿ ಬಾರಿಸುತ್ತ ಹಾಡುವುದಕ್ಕೆ ಹುಟ್ಟಿದವು. ಆದುದರಿಂದ ಮೊದಲು ಹತ್ತು ನಿಮಿಷದ ಧ್ವನಿಮುದ್ರಣವನ್ನು ಕೇಳಿಸಿ, ಆಮೇಲೆ ಪುಸ್ತಕದ ಆ ಪುಟವನ್ನು ತೆರೆದು ಕೊಡುವುದು ಸರಿಯಾದ ಕ್ರಮ. ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಗೆ (ಹುತ್ತರಿಗೆ) ಎರಡು ವಾರ ಮುಂಚೆ, ಅಂದರೆ ಸಾಮಾನ್ಯವಾಗಿ ನವೆಂಬರ್ ತಿಂಗಳ ನಡುವಿನಿಂದ ಕೊನೆಯ ಹೊತ್ತಿಗೆ, ಈ ಜೋಡಿಯನ್ನು ಹಲಗೆಯ ಮೇಲಿಟ್ಟರೆ ಶಾಲಾ ಮಕ್ಕಳಿಂದ ಹಿಡಿದು ಅಜ್ಜಂದಿರವರೆಗೆ ಕೈಗೆತ್ತಿಕೊಳ್ಳುವವರು ಸಿಗುತ್ತಾರೆ. ಅದೇ ಜೋಡಿ ಕಾಫಿ ಕೊಯ್ಲಿನ ಜನವರಿಯಲ್ಲಿ ಧೂಳು ಹಿಡಿಯುತ್ತದೆ.

ದೃಶ್ಯಗಳ ವಿಷಯದಲ್ಲಿ ಹೇಳಬೇಕಾದುದು ಕಡಿಮೆ. ಮಳೆಗಾಲದಲ್ಲಿ ವಿದ್ಯುತ್ತೂ ಜಾಲಸಂಪರ್ಕವೂ ದಿನಗಟ್ಟಲೆ ಕೈಕೊಡುವ ಹಳ್ಳಿಯವರಿಗೆ ಎರಡು ಗಂಟೆಯ ವೀಡಿಯೊ ಸೂಚಿಸುವುದು ಅಣಕದಂತಾಗುತ್ತದೆ. ಚಿಕ್ಕದನ್ನು, ಮೊದಲೇ ಇಳಿಸಿಕೊಳ್ಳಲು ಅನುಮತಿಯಿರುವುದನ್ನು ಸೂಚಿಸಬೇಕು.

ಹಕ್ಕುಸ್ವಾಮ್ಯದ ಲೆಕ್ಕವನ್ನು ಮಾತ್ರ ಸರಿಯಾಗಿ ತಿಳಿದಿರಬೇಕು. 1957ರ ಭಾರತೀಯ ಹಕ್ಕುಸ್ವಾಮ್ಯ ಅಧಿನಿಯಮದಂತೆ ಸಾಹಿತ್ಯ ಕೃತಿಗೆ ಲೇಖಕರ ಜೀವಿತಾವಧಿ ಮತ್ತು ಅವರ ಮರಣಾನಂತರ 60 ವರ್ಷಗಳ ರಕ್ಷಣೆಯಿದೆ. ಚಲನಚಿತ್ರಕ್ಕೂ ಧ್ವನಿಮುದ್ರಣಕ್ಕೂ ಪ್ರಕಟಣೆಯಿಂದ 60 ವರ್ಷ. ಮರಣ ಅಥವಾ ಪ್ರಕಟಣೆಯ ಮರುವರ್ಷದ ಆರಂಭದಿಂದ ಎಣಿಕೆ ನಡೆಯುತ್ತದೆ. 1931ರಲ್ಲಿ ತೀರಿಕೊಂಡ ಚಿಣ್ಣಪ್ಪನವರ ಮತ್ತು 1939ರಲ್ಲಿ ತೀರಿಕೊಂಡ ಗೌರಮ್ಮನವರ ಬರಹಗಳು ಈಗ ಮುಕ್ತ. ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ. ಅವರ ಕೃತಿಗಳಿಗೆ 2046ರ ಕೊನೆಯವರೆಗೆ ರಕ್ಷಣೆಯಿದೆ. 1971ರ ಚಿತ್ರಕ್ಕೆ 2031ರ ಕೊನೆಯವರೆಗೆ. 'ಪಟ್ಟೋಲೆ ಪಳಮೆ'ಯ ಮೂಲ ಮುಕ್ತವಾದರೂ 2003ರ ಇಂಗ್ಲಿಷ್ ಅನುವಾದ ಮುಕ್ತವಲ್ಲ, ಏಕೆಂದರೆ ಅನುವಾದಕ್ಕೆ ಅದರದೇ ಹಕ್ಕಿದೆ. ಹಾಗೆಯೇ, ಚಿತ್ರವನ್ನು ಓದುಗರಿಗೆ ಹೆಸರಿಸುವುದಕ್ಕೆ ಯಾರ ಅನುಮತಿಯೂ ಬೇಡ. ಸಭಾಂಗಣದಲ್ಲಿ ಪರದೆ ಕಟ್ಟಿ ತೋರಿಸುವುದಾದರೆ ಹಕ್ಕುದಾರರನ್ನು ಕೇಳಬೇಕು.

ಚೀಟಿ ಮತ್ತು ಅದರ ನಂತರ

ಹಲಗೆಯ ಮೇಲಿನ ಪುಸ್ತಕದೊಳಗೆ ಒಂದು ಚೀಟಿ ಇರಬೇಕು. 'ಅದ್ಭುತ', 'ಎಲ್ಲರೂ ಓದಲೇಬೇಕು' ಎಂಬ ಮಾತುಗಳು ಚೀಟಿಯಲ್ಲಿ ದಂಡ. ಅವು ನಮ್ಮ ಉತ್ಸಾಹವನ್ನು ಹೇಳುತ್ತವೆ, ಪುಸ್ತಕವನ್ನಲ್ಲ. ಗೌರಮ್ಮನವರ ಕಥೆಗಳಿಗೆ ನಾನು ಮೂರು ಸಲ ತಿದ್ದಿ ಬರೆದ ಚೀಟಿ ಹೀಗಿದೆ: 'ಒಂದೊಂದನ್ನು ಒಂದೇ ಸಲ ಕುಳಿತು ಮುಗಿಸಬಹುದಾದ ಕಥೆಗಳು. ಸುಮಾರು ತೊಂಬತ್ತು ವರ್ಷಗಳ ಹಿಂದಿನ ಹೆಣ್ಣುಮಕ್ಕಳ ಮದುವೆ, ವೈಧವ್ಯ, ಸ್ನೇಹ. ಭಾಷೆ ಸರಳ. ಸುಖಾಂತ್ಯ ಬಯಸುವವರು ಬೇರೆಯದನ್ನು ನೋಡಬಹುದು.' ಕೊನೆಯ ವಾಕ್ಯ ಬೇಡವೆಂದು ನನ್ನ ಸಹಪಾಠಿಯೊಬ್ಬರು ವಾದಿಸಿದರು. ಅದೇ ಚೀಟಿಯ ಜೀವವೆಂದು ನಾನು ಈಗಲೂ ಭಾವಿಸುತ್ತೇನೆ: ಯಾರಿಗೆ ಹಿಡಿಸದು ಎಂಬುದನ್ನು ಹೇಳಿದಾಗಲೇ ಯಾರಿಗೆ ಹಿಡಿಸುತ್ತದೆ ಎಂಬ ಮಾತನ್ನು ಓದುಗರು ನಂಬುತ್ತಾರೆ.

ಹಿಡಿಸದ ಪುಸ್ತಕವನ್ನು ಬಿಡುವ ಸ್ವಾತಂತ್ರ್ಯವನ್ನೂ ನಾವೇ ಕೊಡಬೇಕು. ನ್ಯಾನ್ಸಿ ಪರ್ಲ್ ಹೇಳುವ ಲೆಕ್ಕ ಹೀಗಿದೆ: 50 ಪುಟ ಓದಿ ನೋಡಿ, ಹಿಡಿಸದಿದ್ದರೆ ಬಿಡಿ, ವಯಸ್ಸು ಐವತ್ತು ದಾಟಿದ್ದರೆ ನೂರರಿಂದ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಸಾಕು. ನನ್ನಿಂದ ದಪ್ಪ ಕಾದಂಬರಿ ಪಡೆದ ಹಿರಿಯರಿಗೆ ಎಪ್ಪತ್ತೆಂಟು ವರ್ಷ. ಅವರು ಇಪ್ಪತ್ತೆರಡು ಪುಟಗಳಿಗಷ್ಟೇ ಬದ್ಧರು.

ಇನ್ನೊಂದು ಮಾತು. ಮನೆತನದ ಹೆಸರು ಕೇಳಿದರೆ ಊರು, ನಂಟರು, ತೋಟ ಎಲ್ಲ ಗೊತ್ತಾಗುವ ನಾಡಿನಲ್ಲಿ, ಯಾರು ಯಾವ ಪುಸ್ತಕ ಒಯ್ದರು ಎಂಬುದು ಮೇಜಿನಾಚೆ ಹೋಗಬಾರದು. ಮದ್ಯವ್ಯಸನದ ಬಗ್ಗೆಯೋ ವಿಚ್ಛೇದನದ ಕಾನೂನಿನ ಬಗ್ಗೆಯೋ ಕೇಳಿ ಬಂದವರಿಗೆ ಮೆಲುದನಿಯಲ್ಲಿ ಸೂಚಿಸಬೇಕು. 'ನಿಮ್ಮ ಪಕ್ಕದ ಮನೆಯವರೂ ಇದನ್ನೇ ಓದಿದರು' ಎಂಬುದು ಎಷ್ಟು ಸಹಜವಾಗಿ ಬಾಯಿಗೆ ಬಂದರೂ ಆಡಬಾರದ ಶಿಫಾರಸು.

ಪುಸ್ತಕ ಹಿಂದಿರುಗಿದಾಗ 'ಹೇಗಿತ್ತು?' ಎಂದು ಕೇಳಿದರೆ 'ಚೆನ್ನಾಗಿತ್ತು' ಎಂಬ ಸೌಜನ್ಯದ ಉತ್ತರವೇ ಸಿಗುವುದು. 'ಎಲ್ಲಿಯವರೆಗೆ ಬಂತು?' ಎಂದು ಕೇಳಿದರೆ ನಿಜ ಹೊರಬರುತ್ತದೆ. ನಾನು ಈಗ ಓದುಗರ ಹೆಸರಿಲ್ಲದ ಒಂದು ಪುಸ್ತಕದಲ್ಲಿ ಕೃತಿ, ಹೇಳಿದ ಕಾರಣ, ನಿಂತ ಪುಟ ಇಷ್ಟನ್ನು ಬರೆದಿಡುತ್ತೇನೆ. ಆ ಹಿರಿಯರಿಗೆ ಮುಂದಿನ ಸಲ ದೊಡ್ಡ ಅಕ್ಷರದ ಸಣ್ಣಕಥೆಗಳ ಸಂಕಲನ ಕೊಟ್ಟೆ. ಅದರಲ್ಲಿಟ್ಟ ಕಾಗದದ ಚೂರು ನಾಲ್ಕನೆಯ ಕಥೆಗೆ ಸರಿದಿತ್ತು.