ನೆಲ ಒರೆಸುವಾಗ ಗಮನ ಎಲ್ಲಿರಬೇಕು?

ಸೊಂಟನೋವೆಂದು ಫಿಸಿಯೊಥೆರಪಿಗೆ ಬರುವ ಮಹಿಳೆಯರಿಗೆ ವ್ಯಾಯಾಮ ಹೇಳಿಕೊಡಲು ಹೊರಟರೆ ಬಹಳಷ್ಟು ಮಂದಿ ಕೇಳುತ್ತಾರೆ: "ಬೆಳಗಾದರೆ ರಾತ್ರಿಯವರೆಗೂ ಮನೆಗೆಲಸ ಮಾಡುತ್ತೇನಲ್ಲ ಮೇಡಂ, ಅದು ವ್ಯಾಯಾಮವಲ್ಲವೇ?" ನ್ಯಾಯವಾದ ಪ್ರಶ್ನೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಮನೆಗೆಲಸವನ್ನೂ ಆ ಲೆಕ್ಕಕ್ಕೆ ಸೇರಿಸಿದೆ. ಸತತವಾಗಿ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ ಎಂಬ ಹಳೆಯ ಷರತ್ತೂ ಈಗಿಲ್ಲ.

ಆದರೆ ಎಲ್ಲ ಕೆಲಸವೂ ಮಧ್ಯಮ ಶ್ರಮವಲ್ಲ. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯ ಮೂರು ಪಟ್ಟಾದರೂ ಖರ್ಚಾದರೆ ಅದು ಮಧ್ಯಮ ಶ್ರಮ. ಕಸ ಗುಡಿಸುವುದು, ನೆಲ ಒರೆಸುವುದು ಈ ಗೆರೆಯನ್ನು ತುಸು ದಾಟುತ್ತವೆ. ತರಕಾರಿ ಹೆಚ್ಚುವುದು, ನಿಂತು ಪಾತ್ರೆ ತೊಳೆಯುವುದು ಅದರ ಕೆಳಗೇ ಉಳಿಯುತ್ತವೆ. ಯಂತ್ರವಿಲ್ಲದೆ ಅಳೆಯುವ ಉಪಾಯವೂ ಇದೆ: ಕೆಲಸ ಮಾಡುತ್ತಾ ಮಾತನಾಡಲು ಸಾಧ್ಯವಾಗಿ, ಹಾಡಲು ಉಸಿರು ಸಾಲದಿದ್ದರೆ ನಿಮ್ಮ ಶ್ರಮ ಸರಿಯಾದ ಮಟ್ಟದಲ್ಲಿದೆ.

ಹಾಗಾದರೆ ಇಷ್ಟು ದುಡಿಯುವವರಿಗೇ ಸೊಂಟನೋವು ಏಕೆ? ನನ್ನ ಅನುಭವದಲ್ಲಿ ಮುಖ್ಯ ಕಾರಣ, ಕೈ ಇಲ್ಲಿದ್ದು ಮನಸ್ಸು ಮುಂದಿನ ಕೆಲಸದಲ್ಲಿರುವುದು. ಒಲೆಯ ಮೇಲೆ ಹಾಲಿಟ್ಟು ನೆಲ ಒರೆಸುವವರು ಮಂಡಿ ಬಗ್ಗಿಸುವುದಿಲ್ಲ, ಸೊಂಟದಿಂದಲೇ ಬಾಗುತ್ತಾರೆ. ಉದ್ದ ಹಿಡಿಯ ಮಾಪ್ ಬಳಸುವವರದ್ದು ಇನ್ನೊಂದು ರೀತಿ: ಪಾದ ಕದಲಿಸದೆ, ಬಲಗೈ ಹೋದತ್ತ ಸೊಂಟವನ್ನು ತಿರುಚುತ್ತಾ ಹೋಗುತ್ತಾರೆ.

ಬದಲಿಗೆ ಹೀಗೆ ಮಾಡಿ ನೋಡಿ. ಒಂದು ಕಾಲನ್ನು ಮುಂದಿಟ್ಟು ಆ ಮಂಡಿಯನ್ನು ಸ್ವಲ್ಪ ಬಗ್ಗಿಸಿ. ಮಾಪನ್ನು ಮುಂದಕ್ಕೆ ತಳ್ಳುವಾಗ ಮೈಯ ಭಾರ ಮುಂಗಾಲಿಗೆ ಬರಲಿ, ಎಳೆದುಕೊಳ್ಳುವಾಗ ಹಿಂಗಾಲಿಗೆ ಹೋಗಲಿ. ತಳ್ಳುವಾಗ ಉಸಿರು ಬಿಡಿ, ಎಳೆಯುವಾಗ ತೆಗೆದುಕೊಳ್ಳಿ. ಒಂದು ಕೋಣೆ ಮುಗಿದ ಮೇಲೆ ಕೈ, ಕಾಲು ಎರಡನ್ನೂ ಬದಲಿಸಿ. ಗಮನವೆಲ್ಲ ಒಂದೇ ಕಡೆ ಇರಲಿ: ದಣಿವು ತೊಡೆಯಲ್ಲಿ ಕಾಣುತ್ತಿದೆಯೋ, ಸೊಂಟದಲ್ಲೋ? ಸೊಂಟ ಹಿಡಿದಂತಾದರೆ ಕಾಲು ಕೆಲಸ ಬಿಟ್ಟಿದೆ ಎಂದೇ ಅರ್ಥ. ಕುಕ್ಕರುಗಾಲಿನಲ್ಲಿ ಕುಳಿತು ಒರೆಸುವ ರೂಢಿ ಇರುವವರು, ಮಂಡಿ ಸವೆತವಿಲ್ಲದಿದ್ದರೆ, ಖಂಡಿತ ಅದನ್ನು ಬಿಡಬೇಡಿ. ಸೊಂಟ, ಮಂಡಿ, ಪಾದದ ಕೀಲುಗಳು ಪೂರ್ತಿ ಮಡಚಿಕೊಳ್ಳುವ ಸಂದರ್ಭ ಈಗಿನ ಮನೆಗಳಲ್ಲಿ ಅಪರೂಪವಾಗಿದೆ.

ಒದ್ದೆ ಬಟ್ಟೆ ಹಿಂಡುವುದು ನಾವು ಲೆಕ್ಕಕ್ಕಿಡದ ಕೆಲಸ. ದಿನವೂ ಒಂದೇ ದಿಕ್ಕಿಗೆ ಜೋರಾಗಿ ತಿರುಚಿದರೆ ಮೊಣಕೈಯ ಹೊರಬದಿ, ಹೆಬ್ಬೆರಳಿನ ಬುಡ ನೋಯಲು ಶುರುವಾಗುತ್ತದೆ. ಬಟ್ಟೆಯನ್ನು ಗಟ್ಟಿಯಾದ ನಲ್ಲಿಗೆ ಸುತ್ತಿ ಎರಡು ತುದಿಗಳನ್ನೂ ಸೇರಿಸಿ ಹಿಂಡಿದರೆ ಮಣಿಕಟ್ಟಿನ ಮೇಲಿನ ಒತ್ತಡ ತಗ್ಗುತ್ತದೆ.

ಗಮನದ ಬಗ್ಗೆ ಒಂದು ಅಧ್ಯಯನ ನೆನಪಾಗುತ್ತದೆ. ಅಮೆರಿಕದ ಏಳು ಹೋಟೆಲುಗಳಲ್ಲಿ ಕೋಣೆ ಸ್ವಚ್ಛಗೊಳಿಸುತ್ತಿದ್ದ 84 ಮಹಿಳೆಯರನ್ನು ಮನೋವಿಜ್ಞಾನಿಗಳಾದ ಆಲಿಯಾ ಕ್ರಂ ಮತ್ತು ಎಲೆನ್ ಲ್ಯಾಂಗರ್ ಅಧ್ಯಯನಕ್ಕೆ ಒಳಪಡಿಸಿದರು. 'ನೀವು ಮಾಡುತ್ತಿರುವುದು ಒಳ್ಳೆಯ ವ್ಯಾಯಾಮ' ಎಂದು ಒಂದು ಗುಂಪಿಗೆ ವಿವರಿಸಿದರು, ಇನ್ನೊಂದಕ್ಕೆ ಹೇಳಲಿಲ್ಲ. ನಾಲ್ಕು ವಾರಗಳ ನಂತರ ವಿಷಯ ತಿಳಿದ ಗುಂಪಿನವರ ತೂಕವೂ ರಕ್ತದೊತ್ತಡವೂ ಇಳಿದಿದ್ದವು. 2007ರಲ್ಲಿ ಪ್ರಕಟವಾದ ಇದು ಸಣ್ಣ ಅಧ್ಯಯನ. ಇದನ್ನು ನಂಬಿ ಯಾರೂ ಮಾತ್ರೆ ನಿಲ್ಲಿಸಬಾರದು. ಆದರೂ ತನ್ನ ದುಡಿಮೆಗೆ ಬೆಲೆಯಿದೆ ಎಂದು ತಿಳಿದು ಮಾಡುವುದಕ್ಕೂ, ಬೇಸರದಿಂದ ಮುಗಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಚಿಕಿತ್ಸೆಗೆ ಬರುವವರಲ್ಲಿ ಕಾಣುತ್ತಿದ್ದೇನೆ.

ಮನೆಗೆಲಸದಿಂದ ದಕ್ಕದ್ದೂ ಇದೆ. ಸ್ನಾಯುಗಳಿಗೆ ಬಲ ಬರಲು ಭಾರವನ್ನು ಹಂತಹಂತವಾಗಿ ಹೆಚ್ಚಿಸಬೇಕು. ಪೊರಕೆಯ ತೂಕ ಎಂದೂ ಹೆಚ್ಚುವುದಿಲ್ಲ. ಹಾಗಾಗಿ ವಾರಕ್ಕೆ ಎರಡು ದಿನವಾದರೂ ಪ್ರತ್ಯೇಕವಾಗಿ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು, ಋತುಬಂಧ ದಾಟಿದವರಿಗಂತೂ ಇದು ಬಹಳ ಮುಖ್ಯ.

ಕೊನೆಯ ಮಾತು ಮನೆಯ ಗಂಡಸರಿಗೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಪುರುಷರು 97 ನಿಮಿಷ. ಆ 299ಕ್ಕೆ ಇನ್ನಷ್ಟು ಸೇರಿಸುವುದು ನನ್ನ ಉದ್ದೇಶವಲ್ಲ. ಆಕೆಗೆ ಬೇಕಾದದ್ದು ವಿಶ್ರಾಂತಿ. ಮಧುಮೇಹ ಇರುವವರು ಊಟವಾದ ಕೂಡಲೇ ಕೂರದೆ ಹತ್ತು ಹದಿನೈದು ನಿಮಿಷ ಓಡಾಡಿದರೆ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ. ರಾತ್ರಿ ಊಟವಾದ ಮೇಲೆ ತಟ್ಟೆ ಎತ್ತಿ, ಉಳಿದದ್ದನ್ನು ಮುಚ್ಚಿಟ್ಟು, ಅಡುಗೆಮನೆ ಗುಡಿಸಿ ಒರೆಸಲು ಅಷ್ಟೇ ಹೊತ್ತು ಸಾಕು. ಇವತ್ತಿನಿಂದಲೇ ಆ ಕೆಲಸವನ್ನು ನೀವು ವಹಿಸಿಕೊಳ್ಳಿ. ಮುಂಗಾಲಿನ ಮಂಡಿ ಬಗ್ಗಿಸಲು ಮರೆಯಬೇಡಿ.