ಮೇಷ್ಟ್ರ ಮಂಡಿ ಮತ್ತು ಐದು ನಕ್ಷತ್ರ

ನಿವೃತ್ತ ಮೇಷ್ಟ್ರು ಮಂಚದ ಮೇಲೆ ಕುಳಿತವರೇ ಊದಿದ ಮಂಡಿ ತೋರಿಸುವ ಮೊದಲು ಮೊಬೈಲ್ ತೋರಿಸಿದರು. ಹತ್ತೊಂಬತ್ತು ದಿನ, ಒಂದು ದಿನವೂ ತಪ್ಪದೆ 10,000 ಹೆಜ್ಜೆ. ಲೆಕ್ಕ ಕಡಿಮೆ ಬಿದ್ದ ರಾತ್ರಿ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ಹನ್ನೊಂದು ಗಂಟೆಯವರೆಗೂ ತಿರುಗುತ್ತಿದ್ದರಂತೆ. ಗುರಿ ಮುಟ್ಟಿದರೆ ಪರದೆಯ ಮೇಲೆ ಪಟಾಕಿ ಸಿಡಿಯುತ್ತದೆ. ಮಂಡಿಯಲ್ಲಿ ನೀರು ತುಂಬಿದ ದಿನವೂ ಸಿಡಿದಿತ್ತು. ‘ಒಳ್ಳೆಯ ಆ್ಯಪ್ ಡಾಕ್ಟರೇ, 4.7 ನಕ್ಷತ್ರ ಇದೆ’ ಎಂದರು.

ಫಿಸಿಯೊಥೆರಪಿ ಕೊಠಡಿಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಕ್ಷತ್ರ ಕೊಟ್ಟವರು ಯಾರು, ಯಾವಾಗ ಕೊಟ್ಟರು ಎಂದು ಒಬ್ಬರೂ ಕೇಳುವುದಿಲ್ಲ. ಮೇಷ್ಟ್ರನ್ನೇ ಕೇಳಿದೆ. ಅವರೂ ಐದು ಕೊಟ್ಟಿದ್ದರು, ಮೂರನೆಯ ದಿನ. ಪಟಾಕಿ ಸಿಡಿದ ಮರುಕ್ಷಣವೇ ‘ನಿಮಗೆ ಇಷ್ಟವಾಯಿತೇ?’ ಎಂದು ಆ್ಯಪ್ ಕೇಳಿತ್ತು. ಮದುವೆಮನೆಯಲ್ಲಿ ಎಲೆಗೆ ಹೋಳಿಗೆ ಬಿದ್ದಾಗ ಊಟ ಹೇಗಿದೆ ಎಂದು ಕೇಳಿದ ಹಾಗೆ. ಹತ್ತೊಂಬತ್ತನೆಯ ದಿನ ಮಂಡಿ ಊದಿದಾಗ ಯಾರೂ ಕೇಳಲಿಲ್ಲ. ಮೂರನೆಯ ದಿನದ ಐದು ನಕ್ಷತ್ರ ಮಾತ್ರ ಹಾಗೆಯೇ ಉಳಿಯಿತು. ನೀವು ನೋಡುವ 4.7ರಲ್ಲಿ ಇಂಥ ಎಷ್ಟು ಮೂರನೆಯ ದಿನಗಳಿವೆಯೋ ಬಲ್ಲವರಿಲ್ಲ. ನಕ್ಷತ್ರ ಹೇಳುವುದು ಖುಷಿಯನ್ನು. ಗುಣಮಟ್ಟ ಬೇರೆ.

ಗುಣಮಟ್ಟವನ್ನು ಅಳೆಯಲು ಸಲಕರಣೆಯೇ ಇಲ್ಲವೆಂದಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ‘ಮಾರ್ಸ್’ ಎಂಬ ಮಾಪಕವನ್ನು ಪ್ರಕಟಿಸಿದರು. ಒಟ್ಟು 23 ಪ್ರಶ್ನೆಗಳು, ಒಂದೊಂದಕ್ಕೂ 1ರಿಂದ 5 ಅಂಕ. ಆ್ಯಪ್ ಎಷ್ಟು ಹಿಡಿದಿಡುತ್ತದೆ, ಎಷ್ಟು ಸಲೀಸಾಗಿ ನಡೆಯುತ್ತದೆ, ನೋಡಲು ಹೇಗಿದೆ, ಅದರೊಳಗಿನ ಮಾಹಿತಿ ಎಂಥದು ಎಂಬ ನಾಲ್ಕು ಭಾಗಗಳ ಸರಾಸರಿಯೇ ಅಂತಿಮ ಅಂಕ. ಆ 23ರಲ್ಲೇ ನಾಲ್ಕು ಪ್ರಶ್ನೆಗಳು ಪರಿಶೀಲಕರ ಸ್ವಂತ ಅಭಿಪ್ರಾಯಕ್ಕೆ, ಅವು ಈ ಸರಾಸರಿಗೆ ಸೇರುವುದಿಲ್ಲ. ಮರುವರ್ಷ ಸಾಮಾನ್ಯ ಬಳಕೆದಾರರಿಗೆಂದು ಸರಳ ರೂಪವೂ ಬಂತು.

ಓದಿಕೊಂಡವರು ಎಡವುವುದು ಇಲ್ಲಿಯೇ. ‘ಮಾರ್ಸ್ ಅಂಕ 4.1 ಇದೆ, ಈಗಲಾದರೂ ಒಪ್ಪುತ್ತೀರಾ?’ ಎಂದು ಒಬ್ಬ ಎಂಜಿನಿಯರ್ ನನ್ನನ್ನು ಕೇಳಿದ್ದರು. ಕಾಗದದ ಮೇಲೆ ಬರೆದು ತೋರಿಸಿದೆ. ಹಿಡಿದಿಡುವುದಕ್ಕೆ 4.8, ಸಲೀಸಿಗೆ 4.6, ಅಂದಕ್ಕೆ 4.7, ಮಾಹಿತಿಗೆ 2.3. ಕೂಡಿದರೆ 16.4, ನಾಲ್ಕರಿಂದ ಭಾಗಿಸಿದರೆ 4.1. ಹೇಳುವ ವಿಷಯವೇ ಅರೆಬೆಂದಿದ್ದರೂ ಚೆಂದದ ಆ್ಯಪ್ ಪಾಸಾಗಿಬಿಡುತ್ತದೆ. ಆದ್ದರಿಂದ ಸರಾಸರಿ ಬಿಡಿ, ಮಾಹಿತಿಯ ಅಂಕವನ್ನು ಪ್ರತ್ಯೇಕವಾಗಿ ನೋಡಿ ಎನ್ನುತ್ತೇನೆ. ಆ ಭಾಗದಲ್ಲೇ ಇನ್ನೊಂದು ಪ್ರಶ್ನೆಯಿದೆ: ಈ ಆ್ಯಪನ್ನು ಜನರ ಮೇಲೆ ಪ್ರಯೋಗಿಸಿ ಪರೀಕ್ಷಿಸಲಾಗಿದೆಯೇ? ಮಾಪಕವನ್ನು ರೂಪಿಸಿದವರು ತಮ್ಮ ಲೆಕ್ಕದಿಂದ ಅದೊಂದನ್ನು ಕೈಬಿಡಬೇಕಾಯಿತು. ಅವರು ಆರಿಸಿಕೊಂಡಿದ್ದ ಆ್ಯಪ್‌ಗಳಲ್ಲಿ ಹಾಗೆ ಪರೀಕ್ಷೆಗೊಳಗಾದದ್ದು ಒಂದೂ ಇರಲಿಲ್ಲ!

ಇನ್ನು ಆ 10,000. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟು ‘ಮಾನ್‌ಪೊ-ಕೆ’, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟಿತು. ಹುಟ್ಟಿದ್ದು ವ್ಯಾಪಾರದಲ್ಲಿ, ವೈದ್ಯದಲ್ಲಿ ಅಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸರಾಸರಿ 72 ವಯಸ್ಸಿನ ಮಹಿಳೆಯರ ಪೈಕಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, 2,700ರ ಆಸುಪಾಸಿನವರಿಗಿಂತ ಸಾವಿನ ಪ್ರಮಾಣ ಗಮನಾರ್ಹವಾಗಿ ಕಡಿಮೆಯಿತ್ತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಇದು ಒಂದೇ ಬಗೆಯ ಜನರ ಅಧ್ಯಯನ, ಎಲ್ಲರಿಗೂ ಸಾರಾಸಗಟಾಗಿ ಅನ್ವಯಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲಂತೂ ಹೆಜ್ಜೆಯ ಗುರಿಯೇ ಇಲ್ಲ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕು. ಹೆಜ್ಜೆಯನ್ನಷ್ಟೇ ಎಣಿಸುವ ಆ್ಯಪ್‌ಗೆ ಕೊನೆಯ ಎರಡು ಕಾಣುವುದೇ ಇಲ್ಲ.

ಎಣಿಕೆ ಸರಿಯಿದೆಯೇ ಎಂಬ ಚಿಂತೆ ನನಗೆ ಅಷ್ಟಿಲ್ಲ. ನೂರು ಹೆಜ್ಜೆ ಬಾಯಲ್ಲಿ ಎಣಿಸುತ್ತಾ ನಡೆದು ತಾಳೆ ನೋಡಿದರೆ ಆಯಿತು. (ಮೊಮ್ಮಗುವಿನ ತೊಟ್ಟಿಲಿಗೆ ಮೊಬೈಲ್ ಕಟ್ಟಿ ಮಗನ ಆಫೀಸಿನ ಸ್ಪರ್ಧೆ ಗೆಲ್ಲಿಸಿದ ಅಜ್ಜಿಯೊಬ್ಬರು ನನಗೆ ಗೊತ್ತು, ಅವರಿಗೆ ನನ್ನ ಪೂರ್ಣ ಗೌರವವಿದೆ.) ನಾನು ನೋಡುವುದು ಮೊದಲ ಐದು ನಿಮಿಷವನ್ನು. ವಯಸ್ಸು, ಎದೆನೋವು, ಕೀಲುನೋವು, ಮಾತ್ರೆಗಳ ಬಗ್ಗೆ ಕೇಳುತ್ತದೆಯೇ? ಗುರಿ ಇಳಿಸಲು ಬಿಡುತ್ತದೆಯೇ? ಒಂದು ದಿನ ಸುಧಾರಿಸಿಕೊಂಡರೆ ಬೈಯುತ್ತದೆಯೇ? ಮೇಷ್ಟ್ರ ಆ್ಯಪ್ ಕೇಳಿದ್ದು ಎತ್ತರ, ತೂಕ, ಇ-ಮೇಲ್.

ಮಂಡಿ ಊದಲು ಆ್ಯಪ್ ಒಂದೇ ಕಾರಣ ಎನ್ನಲಾರೆ. ಎಕ್ಸ್‌ರೇಯಲ್ಲಿ ಹಳೆಯ ಸವೆತ ಇತ್ತು. ಸವೆದ ಮಂಡಿಗೂ ನಡಿಗೆ ಒಳ್ಳೆಯದೇ, ನಿಧಾನಕ್ಕೆ ಏರಿಸಿಕೊಂಡು ಹೋದರೆ. ಊತ ಇಳಿದ ಮೇಲೆ ಗುರಿಯನ್ನು 3,000ಕ್ಕೆ ಇಳಿಸಲು ಇಬ್ಬರೂ ಸೇರಿ ಹೊರಟೆವು. ಅಳುಮುಖವೊಂದು ಮೂಡಿ ‘ನಿಜವಾಗಿಯೂ ಸೋಲೊಪ್ಪುವಿರಾ?’ ಎಂದು ಕೇಳಿತು. ನನಗೆ ರೇಗಿತು. ಆ ಐದು ನಕ್ಷತ್ರವನ್ನಾದರೂ ಒಂದಕ್ಕೆ ಇಳಿಸಿ ಎಂದೆ.

ಮೇಷ್ಟ್ರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ‘ಪಾಪ, ಅದರದೇನು ತಪ್ಪು? ನಡೆದವನು ನಾನಲ್ಲವೇ?’