ಕಾರಿನ ಹೊಳಪು ಎಷ್ಟು ಮೈಕ್ರಾನ್ ಆಳ?

ತೊಳೆದು ಒರೆಸಿದ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ, ಬಾನೆಟ್ ಮೇಲೆ ಕಾಣುವ ಸೂರ್ಯನ ಬಿಂಬವನ್ನೇ ನೋಡಿ. ಸುತ್ತಲೂ ಸಣ್ಣ ಸಣ್ಣ ಗೀರುಗಳು ಉಂಗುರ ಉಂಗುರವಾಗಿ ಕಾಣುತ್ತವೆ. ತಲೆಯನ್ನು ಸ್ವಲ್ಪ ಆಚೆ ಸರಿಸಿದರೆ ಉಂಗುರವೂ ಜೊತೆಗೇ ಸರಿಯುತ್ತದೆ! ಗೀರುಗಳೇನೋ ಇದ್ದಲ್ಲೇ ಇವೆ. ಅವು ಅಡ್ಡಾದಿಡ್ಡಿಯಾಗಿ ಎಲ್ಲ ದಿಕ್ಕಿಗೂ ಹರಡಿರುತ್ತವೆ. ಆದರೆ ಪ್ರತಿ ಗೀರೂ ಬೆಳಕನ್ನು ತನಗೆ ಅಡ್ಡಲಾಗಿ ಚೆಲ್ಲುತ್ತದೆ. ಹಾಗಾಗಿ ಬಿಂಬವನ್ನು ಸುತ್ತುವರಿದಂತೆ ಮಲಗಿದ ಗೀರುಗಳ ಬೆಳಕು ಮಾತ್ರ ನಮ್ಮ ಕಣ್ಣಿಗೆ ಬರುತ್ತದೆ, ಉಳಿದವು ಅಡಗಿಕೊಳ್ಳುತ್ತವೆ.

ಈ ಗೀರುಗಳಿರುವುದು ಬಣ್ಣದಲ್ಲಲ್ಲ. ಈಗಿನ ಬಹುತೇಕ ಕಾರುಗಳಲ್ಲಿ ಲೋಹದ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 40 ಮೈಕ್ರಾನ್, ಒಂದು ತಲೆಗೂದಲಿಗಿಂತ ತೆಳು. ಬಣ್ಣವನ್ನು ಬಿಸಿಲಿನ ನೇರಳಾತೀತ ಕಿರಣಗಳಿಂದ ಕಾಯುವುದೂ ಇದೇ ಪದರ.

ಪಾಲಿಶ್ ಮಾಡಿದರೆ ಗೀರು ತುಂಬಿಕೊಳ್ಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ. ಪಾಲಿಶ್ ಮಾಡಲು ಹಚ್ಚುವ ಕಾಂಪೌಂಡ್‌ನಲ್ಲಿ ಅಲ್ಯೂಮಿನಿಯಂ ಆಕ್ಸೈಡ್‌ನಂಥ ಗಟ್ಟಿ ಪದಾರ್ಥದ ನುಣ್ಣನೆಯ ಕಣಗಳಿರುತ್ತವೆ. ಅವು ಗೀರಿನ ಅಕ್ಕಪಕ್ಕದ ಕ್ಲಿಯರ್ ಕೋಟನ್ನು ತೇಯುತ್ತಾ ಗೀರಿನ ತಳದವರೆಗೆ ಇಳಿಸುತ್ತವೆ. ಮೇಲ್ಮೈ ಸಮವಾದಾಗ ಬೆಳಕು ಚೆದುರದೆ ಒಂದೇ ಕಡೆಗೆ ಮರಳುತ್ತದೆ. ಅದೇ ನಾವು ಕಾಣುವ ಹೊಳಪು. ಹೀಗೆ ತೇಯ್ದು ಹೋದ ಮೈಕ್ರಾನ್ ಮತ್ತೆ ಬರುವುದಿಲ್ಲ. ಅದಕ್ಕೇ ಮೊದಲ ಸಲ ಪಾಲಿಶ್ ಯಂತ್ರ ಹಿಡಿಯುವವರು ಮೆತ್ತನೆಯ ಪ್ಯಾಡ್, ನಯವಾದ ಪಾಲಿಶ್‌ನಿಂದಲೇ ಶುರು ಮಾಡಬೇಕು. ಒಂದೂವರೆ ಅಡಿ ಜಾಗದಲ್ಲಿ ಪ್ರಯೋಗ ಮಾಡಿ ನೋಡಿ. ಸಾಲದಿದ್ದರೆ ಮಾತ್ರ ಇನ್ನೊಂದಿಷ್ಟು ಹೆಚ್ಚು ತೇಯುವ ಪ್ಯಾಡ್, ಪಾಲಿಶ್‌ಗೆ ಹೋದರಾಯಿತು.

ಯಂತ್ರ ಯಾವುದು ಅನ್ನುವುದು ಇಲ್ಲಿ ತುಂಬಾ ಮುಖ್ಯ. ರೋಟರಿ ಪಾಲಿಶರ್ ನಿಂತಲ್ಲೇ ಗಿರಗಿರ ತಿರುಗುತ್ತದೆ. 150 ಮಿಲಿಮೀಟರ್ ಪ್ಯಾಡ್ ನಿಮಿಷಕ್ಕೆ 1,500 ಸುತ್ತು ಹಾಕಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ ಉಜ್ಜುತ್ತದೆ. ಒಂದೇ ಕಡೆ ತುಸು ಹೊತ್ತು ನಿಂತರೂ ಶಾಖ ಏರುತ್ತದೆ, ಕ್ಲಿಯರ್ ಕೋಟ್ ಮೆದುವಾಗುತ್ತದೆ. ಲೋಹದ ಬಾನೆಟ್ ಆ ಶಾಖವನ್ನು ಬೇಗ ಹರಡಿಬಿಡುತ್ತದೆ. ಪ್ಲಾಸ್ಟಿಕ್ ಬಂಪರ್‌ಗೆ ಅದು ಆಗದು, ಹಾಗಾಗಿ ಅಲ್ಲಿ ಅಪಾಯ ಜಾಸ್ತಿ.

ಡ್ಯುಯಲ್ ಆ್ಯಕ್ಷನ್ ಪಾಲಿಶರ್‌ನ ರೀತಿಯೇ ಬೇರೆ. ಪ್ಯಾಡ್ ತಾನೂ ತಿರುಗುತ್ತದೆ, ಜೊತೆಗೆ ನಡುಬಿಂದುವಿನಿಂದ ಸರಿದ ಇನ್ನೊಂದು ಸಣ್ಣ ಸುತ್ತನ್ನೂ ಹಾಕುತ್ತದೆ. ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಉಜ್ಜದ ಕಾರಣ ಶಾಖ ಕಡಿಮೆ. ಇಂಥ ಹೆಚ್ಚಿನ ಯಂತ್ರಗಳಲ್ಲಿ ತಿರುಗಾಟಕ್ಕೆ ನೇರ ಗೇರ್ ಇರುವುದಿಲ್ಲ. ಜೋರಾಗಿ ಒತ್ತಿದರೆ ಪ್ಯಾಡ್ ತಿರುಗುವುದು ನಿಂತು ಸುಮ್ನೆ ಅದುರುತ್ತದೆ. ಕೆಲಸ ಸಾಗುವುದಿಲ್ಲ, ಹಾನಿಯೂ ಅಷ್ಟಾಗಿ ಆಗುವುದಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇನ್ನೇನು ಬೇಕು! ಪ್ಯಾಡ್ ಕೂರುವ ತಟ್ಟೆಯ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಬಿಡಿ. ತಿರುಗುತ್ತಿದೆಯೋ ನಿಂತಿದೆಯೋ ಅಂತ ಗೆರೆ ನೋಡಿದರೆ ಗೊತ್ತಾಗುತ್ತದೆ.

ಕಾರು ನೆರಳಲ್ಲಿರಲಿ, ಮೈ ತಣ್ಣಗಿರಲಿ. ಮರಳಿನ ಒಂದೇ ಕಣ ಪ್ಯಾಡ್‌ಗೆ ಸಿಕ್ಕಿದರೂ ಹೊಸ ಗೀರು ಎಳೆಯುತ್ತಾ ಹೋಗುತ್ತದೆ, ಆದ್ದರಿಂದ ಚೆನ್ನಾಗಿ ತೊಳೆದೇ ಶುರು ಮಾಡಿ. ಬಾಗಿಲಿನ ಅಂಚು, ಬಾನೆಟ್‌ನ ಏಣುಗಳಲ್ಲಿ ಲೇಪ ತೆಳುವಾಗಿರುತ್ತದೆ, ಪ್ಯಾಡ್‌ನ ಒತ್ತಡವೂ ಅಲ್ಲೇ ಹೆಚ್ಚು ಬೀಳುತ್ತದೆ. ಅಂಥ ಕಡೆ ಟೇಪ್ ಅಂಟಿಸಿ. ಪ್ಯಾಡನ್ನು ಮೈಗೆ ತಾಗಿಸಿದ ಮೇಲೆಯೇ ಸ್ವಿಚ್ ಒತ್ತಿ, ಇಲ್ಲದಿದ್ದರೆ ಪಾಲಿಶ್ ಎಲ್ಲೆಡೆ ಸಿಡಿಯುತ್ತದೆ. ಕೈ ನಿಧಾನವಾಗಿ ಸಾಗಲಿ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಪ್ಯಾಡ್‌ಗೆ ಕಾರಿನ ಬಣ್ಣವೇ ಹತ್ತಿತೆಂದರೆ ಕೂಡಲೇ ನಿಲ್ಲಿಸಿ. ಅಲ್ಲಿ ಕ್ಲಿಯರ್ ಕೋಟ್ ಸವೆದು ಹೋಗಿದೆ ಎಂದೇ ಅರ್ಥ.

ಮುಗಿದ ಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ನೋಡಿ. ಪಾಲಿಶ್‌ನ ಎಣ್ಣೆ ಗೀರಿನೊಳಗೆ ಕೂತು ಅದನ್ನು ಮರೆಸಿರಬಹುದು. ಎಣ್ಣೆ ಹೋದ ಮೇಲೆ ಕಾಣುವುದೇ ನಿಜವಾದ ಫಲಿತಾಂಶ. ಆಗಲೂ ಉಗುರಿಗೆ ತಡೆಯುವಂಥ ಗೀರು ಉಳಿದಿದ್ದರೆ ಅದರ ಬೆನ್ನು ಹತ್ತಬೇಡಿ. ಅದರ ತಳ ಮುಟ್ಟುವಷ್ಟು ತೇಯ್ದರೆ ಕ್ಲಿಯರ್ ಕೋಟ್ ಉಳಿಯುವುದೇ ಅನುಮಾನ. ಗೀರಿನ ಚೂಪು ಅಂಚು ಒಂದಿಷ್ಟು ದುಂಡಗಾದರೂ ಅದು ಬೆಳಕನ್ನು ಮೊದಲಿನಷ್ಟು ಚೆಲ್ಲುವುದಿಲ್ಲ. ಎರಡು ಹೆಜ್ಜೆ ದೂರದಿಂದ ಕಣ್ಣಿಗೆ ಬೀಳುವುದೂ ಕಷ್ಟ.